ಸವತಿಗಂಧವಾರಣ ಬಸದಿ: ವಿಷ್ಣುವರ್ಧನ-ಶಾಂತಲೆಯರ ದಾಂಪತ್ಯದ ಶಿಲಾಸಾಕ್ಷಿ

ಪ್ರೇಮದ ಸ್ಮಾರಕವೆಂದೊಡನೆ ನಮ್ಮ ದೇಶದಲ್ಲಿ ಯಾರಿಗಾದರೂ ಆಗ್ರಾ ನಗರದ ತಾಜಮಹಲು ನೆನಪಾಗುವುದು ಸಹಜ. ಮೊಗಲ ಚಕ್ರವರ್ತಿ ಷಹಜಹಾನನ ಪತ್ನಿ ಮುಮ್ತಾಜಳು 1631ರಲ್ಲಿ ತೀರಿಕೊಂಡಳು. ಅವಳ ಸಮಾಧಿಯ ಮೇಲೆ ಅಮೃತಶಿಲೆಯ ಆ ಭವ್ಯ ಸೌಧವು ಎದ್ದಿತು. ಅದಕ್ಕೆ ಸರಿಯಾಗಿ ಐದು ಶತಮಾನಗಳ ಹಿಂದೆ, 1131ರಲ್ಲಿ, ಕನ್ನಡನಾಡಿನ ಒಬ್ಬ ಪಟ್ಟಮಹಾದೇವಿಯೂ ಇಹಲೋಕವನ್ನು ತ್ಯಜಿಸಿದಳು. ಅವಳೇ ಹೊಯ್ಸಳ ವಿಷ್ಣುವರ್ಧನನ ಅರಸಿ, ಜಿನಭಕ್ತೆ ಶಾಂತಲದೇವಿ. ಅವಳಿಗಾಗಿ ಯಾರೂ ಗೋರಿಯನ್ನು ಕಟ್ಟಲಿಲ್ಲ; ಕಟ್ಟಬೇಕಾದ ಅಗತ್ಯವೂ ಇರಲಿಲ್ಲ. ತನ್ನ ಬಾಳಿನ ಅತ್ಯುತ್ತಮ ಸ್ಮಾರಕವನ್ನು ಅವಳು ಬದುಕಿರುವಾಗಲೇ, ತನ್ನ ಕೈಯಿಂದಲೇ, ಪತಿಯ ಒಪ್ಪಿಗೆಯೊಡನೆ ಕಟ್ಟಿಸಿದ್ದಳು. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿರುವ ಸವತಿಗಂಧವಾರಣ ಬಸದಿಯೇ ಆ ಸ್ಮಾರಕ.

ಬೇಲೂರಿನ ಶಿಲ್ಪವೈಭವವನ್ನು ನೋಡಿ ಬಂದವರು ವಿಷ್ಣುವರ್ಧನ-ಶಾಂತಲೆಯರ ಪ್ರಣಯವನ್ನು ಹಾಡಿ ಹೊಗಳುತ್ತಾರೆ. ಅದು ಯುಕ್ತವೇ. ಆದರೆ ಆ ಒಲವಿನ ತಿರುಳು ಎಲ್ಲಿದೆಯೆಂದು ಕೇಳಿದರೆ, ಬೆರಳು ತೋರಬೇಕಾದುದು ಚಂದ್ರಗಿರಿಯ ಈ ಸರಳ ಕಟ್ಟಡದ ಕಡೆಗೆ ಎಂಬುದನ್ನು ಶಾಸನಗಳ ಆಧಾರದಿಂದ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಎರಡು ಮನೆತನಗಳು

ಮಂಗಳೂರಿನಿಂದ ಚಾರ್ಮಾಡಿ ಘಟ್ಟವನ್ನೇರಿ ಮೂಡಿಗೆರೆಯ ಸೀಮೆಯನ್ನು ತಲಪಿದರೆ ಅಲ್ಲಿ ಅಂಗಡಿ ಎಂಬ ಪುಟ್ಟ ಊರು ಸಿಗುತ್ತದೆ. ಶಾಸನಗಳು ಹೇಳುವ ಸೊಸೆವೂರು ಇದೇ. ಮುನಿಯೊಬ್ಬರ ಆಜ್ಞೆಯಂತೆ ಸಳನು ಹುಲಿಯನ್ನು ಹೊಡೆದನೆಂಬ ಹೊಯ್ಸಳರ ಮೂಲಕಥೆ ನಡೆದುದು ಇಲ್ಲಿಯೇ. ಪುರಾತನ ಬಸದಿಗಳು ಇಂದಿಗೂ ಇಲ್ಲಿವೆ. ಹೊಯ್ಸಳ ಶಾಸನಗಳು ತಮ್ಮ ರಾಜ್ಯದ ಎಲ್ಲೆಯನ್ನು ಹೇಳುವಾಗ ಆಳ್ವಖೇಡವನ್ನು ಹೆಸರಿಸುತ್ತವೆ. ಆಳುಪರ ನಾಡಾದ ಆ ಆಳ್ವಖೇಡವೆಂದರೆ ನಮ್ಮ ತುಳುನಾಡೇ. ಹೀಗೆ ಈ ಕಥೆಯ ನಾಯಕನ ಮನೆತನವು ನಮ್ಮ ಘಟ್ಟದ ನೆತ್ತಿಯ ಮೇಲೆಯೇ ಹುಟ್ಟಿ ಬೆಳೆದುದು.

ಆ ವಂಶದಲ್ಲಿ ಜನಿಸಿದ ಬಿಟ್ಟಿದೇವನು ಅಣ್ಣ ಬಲ್ಲಾಳನ ತರುವಾಯ, ಹನ್ನೆರಡನೆಯ ಶತಮಾನದ ಮೊದಲ ದಶಕದಲ್ಲಿ, ಸಿಂಹಾಸನವನ್ನೇರಿದನು. ಚಾಲುಕ್ಯರ ಸಾಮಂತರಾಗಿದ್ದ ಹೊಯ್ಸಳರನ್ನು ಸ್ವತಂತ್ರ ರಾಜ್ಯದ ಹೊಸ್ತಿಲಿಗೆ ತಂದು ನಿಲ್ಲಿಸಿದವನು ಇವನೇ. ಚೋಳರಿಂದ ತಲಕಾಡನ್ನು ಗೆದ್ದು ‘ತಲಕಾಡುಗೊಂಡ’ ಎಂಬ ಬಿರುದನ್ನು ಧರಿಸಿದನು.

ಶಾಂತಲೆಯು ಪೆರ್ಗಡೆ ಮಾರಸಿಂಗಯ್ಯ ಮತ್ತು ಮಾಚಿಕಬ್ಬೆಯರ ಮಗಳು. ತಂದೆಯು ಶಿವಭಕ್ತ, ತಾಯಿಯು ದೃಢಸಮ್ಯಕ್ತ್ವವುಳ್ಳ ಶ್ರಾವಕಿ. ಆದುದರಿಂದ ಒಂದೇ ಸೂರಿನಡಿಯಲ್ಲಿ ಎರಡು ಧರ್ಮಗಳು ಕಲಹವಿಲ್ಲದೆ ಬಾಳಬಲ್ಲವು ಎಂಬ ಪಾಠವನ್ನು ಅವಳು ಅರಮನೆಗೆ ಬಂದ ಮೇಲೆ ಕಲಿಯಬೇಕಾಗಿರಲಿಲ್ಲ, ತವರಿನಿಂದಲೇ ತಂದಿದ್ದಳು. ತಾಯಿಯ ದಾರಿಯಲ್ಲಿ ನಡೆದ ಶಾಂತಲೆಗೆ ಮೂಲಸಂಘ, ದೇಶಿಯಗಣ, ಪುಸ್ತಕಗಚ್ಛದ ಮೇಘಚಂದ್ರ ತ್ರೈವಿದ್ಯದೇವರ ಶಿಷ್ಯರಾದ ಪ್ರಭಾಚಂದ್ರ ಸಿದ್ಧಾಂತದೇವರು ಗುರುಗಳಾದರು.

ಶ್ರವಣಬೆಳಗೊಳದ ಶಾಸನಗಳು ಅವಳಿಗೆ ಕೊಡುವ ವಿಶೇಷಣಗಳನ್ನು ಗಮನಿಸಬೇಕು. ಅವುಗಳಲ್ಲಿ ರೂಪದ ವರ್ಣನೆಯಿದೆ, ಗೀತ-ವಾದ್ಯ-ನೃತ್ಯಗಳ ನೈಪುಣ್ಯದ ಪ್ರಶಂಸೆಯಿದೆ. ಅಷ್ಟಕ್ಕೇ ನಿಲ್ಲದೆ ಅವು ಅವಳನ್ನು ವಿವೇಕದಲ್ಲಿ ಬೃಹಸ್ಪತಿಯೆಂದೂ, ಸಮಯಕ್ಕೆ ತಕ್ಕ ಮಾತಿನಲ್ಲಿ ವಾಚಸ್ಪತಿಯೆಂದೂ, ‘ಸಮ್ಯಕ್ತ್ವ ಚೂಡಾಮಣಿ’ಯೆಂದೂ ಕೊಂಡಾಡುತ್ತವೆ. ಇವೆಲ್ಲಕ್ಕಿಂತ ಮಿಗಿಲಾದ ಇನ್ನೊಂದು ವಿಶೇಷಣವಿದೆ: ‘ಚತುಸ್ಸಮಯ ಸಮುದ್ಧರಣೆ’, ಅಂದರೆ ನಾಲ್ಕು ಮತಗಳನ್ನೂ ಉದ್ಧರಿಸಿದವಳು. ಸಮ್ಯಕ್ತ್ವದಲ್ಲಿ ಅಚಲಳಾಗಿದ್ದವಳೇ ನಾಲ್ಕು ಸಮಯಗಳಿಗೂ ಆಸರೆಯಾದಳೆಂಬುದು ನಾವು ಮನನ ಮಾಡತಕ್ಕ ವಿಷಯ.

ಒಂದು ಮನೆ, ಎರಡು ಧರ್ಮ

ಶ್ರೀ ರಾಮಾನುಜಾಚಾರ್ಯರ ಪ್ರಭಾವದಿಂದ ಬಿಟ್ಟಿದೇವನು ವಿಷ್ಣುಭಕ್ತನಾಗಿ ವಿಷ್ಣುವರ್ಧನನೆಂಬ ಹೆಸರನ್ನು ತಳೆದನೆಂಬುದು ಸಂಪ್ರದಾಯದ ಹೇಳಿಕೆ. ಅವನು ಬೇಲೂರಿನಲ್ಲಿ ವಿಜಯನಾರಾಯಣ ದೇವಾಲಯವನ್ನು 1117ರಲ್ಲಿ ಪ್ರತಿಷ್ಠೆ ಮಾಡಿಸಿದನು. ಇಂದು ಚೆನ್ನಕೇಶವ ದೇವಾಲಯವೆಂದು ಲೋಕಪ್ರಸಿದ್ಧವಾಗಿರುವುದು ಇದೇ. ರಾಣಿಯು ತನ್ನ ಧರ್ಮವನ್ನು ಬಿಡಲಿಲ್ಲ. ರಾಜನು ಬಿಡೆಂದು ಒತ್ತಾಯಿಸಿದ ಕುರುಹೂ ಇಲ್ಲ.

ಆ ದೇವಾಲಯದ ಪ್ರಾಕಾರದಲ್ಲಿಯೇ, ಮುಖ್ಯ ಗುಡಿಯ ದಕ್ಷಿಣಕ್ಕೆ, ಕಪ್ಪೆ ಚೆನ್ನಿಗರಾಯನ ಗುಡಿಯಿದೆ. ಅದರಲ್ಲಿನ ಚೆನ್ನಿಗರಾಯ ಮೂರ್ತಿಯನ್ನು ಪ್ರತಿಷ್ಠೆ ಮಾಡಿಸಿದವಳು ಶಾಂತಲದೇವಿ ಎಂದು ಪೀಠದ ಶಾಸನವೇ ಸಾರುತ್ತದೆ. ಜಿನಭಕ್ತೆಯಾದ ಅರಸಿಯು ಪತಿಯ ಆರಾಧ್ಯದೈವಕ್ಕೆ ಪತಿಯ ಗುಡಿಯ ಮಗ್ಗುಲಲ್ಲಿಯೇ ಗುಡಿಯನ್ನು ಕಟ್ಟಿಸಿದಳು. ಇದನ್ನು ಮತಾಂತರವೆಂದು ಬಗೆಯುವುದಕ್ಕೆ ಎಡೆಯಿಲ್ಲ. ಏಕೆಂದರೆ ಇದಾದ ಆರು ವರ್ಷಗಳ ಅನಂತರ ಅವಳು ಕಟ್ಟಿಸಿದುದು ಜಿನಾಲಯವನ್ನು. ಪತಿಯ ಪ್ರೀತಿಗೆ ಪಾತ್ರವಾದುದನ್ನು ತಾನೂ ಗೌರವಿಸಿದಳು, ಅಷ್ಟೆ.

ಹಳೇಬೀಡಿನಲ್ಲಿ ಕೇತಮಲ್ಲನೆಂಬ ಅಧಿಕಾರಿಯು 1121ರ ಸುಮಾರಿಗೆ ಕಟ್ಟಿಸಿದ ಶಿವಾಲಯದಲ್ಲಿ ಅಕ್ಕಪಕ್ಕದಲ್ಲಿ ಎರಡು ಗರ್ಭಗೃಹಗಳಿವೆ. ಒಂದು ಹೊಯ್ಸಳೇಶ್ವರ, ಇನ್ನೊಂದು ಶಾಂತಲೇಶ್ವರ. ಪ್ರಜೆಗಳ ಕಣ್ಣಿನಲ್ಲಿ ಅರಸ ಅರಸಿಯರು ಎಷ್ಟು ಅಭಿನ್ನರಾಗಿದ್ದರೆಂಬುದನ್ನು ಆ ಜೋಡಿ ಗರ್ಭಗುಡಿಗಳು ಹೇಳುತ್ತವೆ. ಬೇಲೂರಿನ ದರ್ಪಣಸುಂದರಿಯ ಮದನಿಕೆ ಶಾಂತಲೆಯ ಪ್ರತಿರೂಪವೆಂಬ ಮಾತು ಜನರ ಬಾಯಲ್ಲಿದೆ. ಅದು ಜನರ ಭಾವನೆ, ಶಾಸನದ ಮಾತಲ್ಲ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳನ್ನು 2023ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಅವುಗಳ ಕೀರ್ತಿ ಇನ್ನೂ ಹಬ್ಬಿದೆ.

ವಿಷ್ಣುವರ್ಧನನು ವೈಷ್ಣವನಾದ ಮೇಲೆ ಜೈನರನ್ನು ಹಿಂಸಿಸಿದನೆಂದೂ, ನೂರಾರು ಬಸದಿಗಳನ್ನು ಕೆಡವಿಸಿದನೆಂದೂ ಹೇಳುವ ಐತಿಹ್ಯಗಳಿವೆ. ಅವನ ಕಾಲದ ಶಾಸನಗಳು ಇದನ್ನು ಸಮರ್ಥಿಸುವುದಿಲ್ಲ. ಅವನ ಮಹಾಪ್ರಧಾನ ದಂಡನಾಯಕ ಗಂಗರಾಜನು ಪರಮ ಜಿನಭಕ್ತ. 1125ರಲ್ಲಿ ರಾಜನು ಜೈನಾಚಾರ್ಯರಾದ ಶ್ರೀಪಾಲ ತ್ರೈವಿದ್ಯದೇವರಿಗೆ ದಾನವನ್ನಿತ್ತುದು ಶಾಸನಸಿದ್ಧ. ಅಂತಹ ಹಿಂಸೆ ನಡೆದಿದ್ದ ರಾಜ್ಯದಲ್ಲಿ ಪಟ್ಟದರಸಿಯೇ ಬಸದಿಯನ್ನು ಕಟ್ಟಿಸುವುದು ಸಾಧ್ಯವಿತ್ತೇ?

ಚಂದ್ರಗಿರಿಯ ಬಸದಿ

ಈಗ ಚಂದ್ರಗಿರಿಯನ್ನೇರೋಣ. ಶಕವರ್ಷ 1045, ಶೋಭಕೃತು ಸಂವತ್ಸರ, ಎಂದರೆ ಕ್ರಿ.ಶ. 1123ರಲ್ಲಿ ಶಾಂತಲದೇವಿಯು ಇಲ್ಲಿ ಶಾಂತಿನಾಥ ಸ್ವಾಮಿಯ ಬಸದಿಯನ್ನು ನಿರ್ಮಿಸಿದಳು. ಗರ್ಭಗೃಹ, ಸುಕನಾಸಿ, ನವರಂಗಗಳುಳ್ಳ ಈ ಬಸದಿಯು ಸುಮಾರು 69 ಅಡಿ ಉದ್ದ, 36 ಅಡಿ ಅಗಲವಾಗಿದೆ. ಗರ್ಭಗೃಹದಲ್ಲಿ ಪ್ರಭಾವಳಿಯಿಂದ ಕೂಡಿದ, ಸುಮಾರು ಐದಡಿ ಎತ್ತರದ ಶಾಂತಿನಾಥ ಬಿಂಬವಿದ್ದು ಇಕ್ಕೆಲಗಳಲ್ಲಿ ಚಾಮರಧಾರಿಗಳಿದ್ದಾರೆ. ಸುಕನಾಸಿಯಲ್ಲಿ ಯಕ್ಷ ಕಿಂಪುರುಷ ಮತ್ತು ಯಕ್ಷಿ ಮಹಾಮಾನಸಿಯರ ಮೂರ್ತಿಗಳಿವೆ.

ಬೇಲೂರಿನ ಕುಸುರಿಗೆಲಸವನ್ನು ಕಣ್ತುಂಬಿಕೊಂಡು ಬಂದವರಿಗೆ ಈ ಬಸದಿಯ ಸರಳತೆ ಅಚ್ಚರಿಯನ್ನುಂಟುಮಾಡೀತು. ನಾಡಿನ ಶ್ರೇಷ್ಠ ಶಿಲ್ಪಿಗಳು ಅರಮನೆಯ ಕರೆಗೆ ಕಾದಿದ್ದ ಕಾಲ ಅದು. ಬೇಕೆಂದಿದ್ದರೆ ಅರಸಿಯು ಮತ್ತೊಂದು ಬೇಲೂರನ್ನೇ ಇಲ್ಲಿ ನಿರ್ಮಿಸಬಹುದಾಗಿತ್ತು. ಅವಳು ಹಾಗೆ ಮಾಡಲಿಲ್ಲ. ತಪೋಧನರು ಸಲ್ಲೇಖನವನ್ನು ಸ್ವೀಕರಿಸಿದ ಈ ಕಟವಪ್ರ ಗಿರಿಯಲ್ಲಿ ಆಡಂಬರಕ್ಕಿಂತ ಪ್ರಶಾಂತಿಯೇ ಶೋಭೆ. ಹದಿನಾರನೆಯ ತೀರ್ಥಂಕರನನ್ನೇ ಅವಳು ಇಲ್ಲಿ ಬಿಜಯಂಗೈಸಿದುದೂ ಅರ್ಥಗರ್ಭಿತವಾಗಿದೆ. ಶಾಂತಿನಾಥನು ತೀರ್ಥಂಕರನಾಗುವ ಮುನ್ನ ಚಕ್ರವರ್ತಿಯಾಗಿದ್ದವನು; ಷಟ್ಖಂಡವನ್ನು ಗೆದ್ದು ಬಳಿಕ ಅದನ್ನು ತೊರೆದವನು. ದಿಗ್ವಿಜಯಗಳಲ್ಲಿಯೇ ಬಾಳನ್ನು ಕಳೆಯುತ್ತಿದ್ದ ಅರಸನ ಮಡದಿಗೆ ಇದಕ್ಕಿಂತ ಒಪ್ಪುವ ಆರಾಧ್ಯಮೂರ್ತಿ ಬೇರೆ ಯಾವುದು?

ಬಸದಿಯನ್ನು ಕಟ್ಟಿಸಿದ ಮಾತ್ರಕ್ಕೆ ಕಾರ್ಯ ಮುಗಿಯುವುದಿಲ್ಲ. ನಿತ್ಯಪೂಜೆಗೆ ವ್ಯವಸ್ಥೆ ಬೇಕು, ಮುನಿಸಂಘದ ಆಹಾರದಾನಕ್ಕೆ ಆಧಾರ ಬೇಕು. ಅದಕ್ಕಾಗಿ ರಾಣಿಯು ಕಲ್ಕಣಿನಾಡಿನ ಮೊಟ್ಟೆನವಿಲೆ ಗ್ರಾಮವನ್ನು ಪ್ರಭಾಚಂದ್ರ ಸಿದ್ಧಾಂತದೇವರ ಪಾದಪ್ರಕ್ಷಾಲನೆ ಮಾಡಿ ಧಾರೆಯೆರೆದು ಬಿಟ್ಟಳು. ಈ ದಾನವು ವಿಷ್ಣುವರ್ಧನನ ಸಮ್ಮತಿಯೊಡನೆ ನಡೆಯಿತೆಂದು ಶಾಸನವು ಸ್ಪಷ್ಟವಾಗಿ ದಾಖಲಿಸಿದೆ. ಈ ಲೇಖನದ ಜೀವಾಳವಿರುವುದು ಆ ಒಂದು ಮಾತಿನಲ್ಲಿ. 1117ರಲ್ಲಿ ಪತ್ನಿಯು ಪತಿಯ ದೇವರಿಗೆ ಗುಡಿಯನ್ನು ಕಟ್ಟಿಸಿದಳು. 1123ರಲ್ಲಿ ಪತಿಯು ಪತ್ನಿಯ ದೇವರಿಗೆ ಊರನ್ನು ಬಿಡಲು ಒಪ್ಪಿದನು. ಒಬ್ಬರು ಇನ್ನೊಬ್ಬರನ್ನು ತನ್ನಂತೆ ಮಾಡಿಕೊಳ್ಳಲು ಹೆಣಗದೆ, ಇನ್ನೊಬ್ಬರ ಶ್ರದ್ಧೆಗೆ ನೀರೆರೆದರು. ದಾಂಪತ್ಯವೆಂದರೆ ಇದಲ್ಲವೇ?

ಬಿರುದಿನ ಅರ್ಥ

ಬಸದಿಯ ಹೆಸರು ಅನೇಕರನ್ನು ತಬ್ಬಿಬ್ಬುಗೊಳಿಸುತ್ತದೆ. ‘ಉದ್ವೃತ್ತ ಸವತಿ ಗಂಧವಾರಣೆ’ ಎಂಬುದು ಶಾಂತಲೆಯ ಬಿರುದು. ಸೊಕ್ಕಿದ ಸವತಿಯರಿಗೆ ಮದ್ದಾನೆಯಂತಿರುವವಳು ಎಂದು ಅದರ ಅರ್ಥ. ಮದಗಜದ ವಾಸನೆಗೇ ಬೇರೆ ಆನೆಗಳು ಹಿಂಜರಿಯುತ್ತವೆ ಎಂಬ ಕವಿಸಮಯವು ಇದರ ಹಿಂದಿದೆ. ವಿಷ್ಣುವರ್ಧನನಿಗೆ ಬೇರೆ ರಾಣಿಯರೂ ಇದ್ದುದು ನಿಜ. ಇದನ್ನು ಹಿಡಿದುಕೊಂಡು ಶಾಂತಲೆಯನ್ನು ಮತ್ಸರದ ಮೂರ್ತಿಯೆಂದು ಚಿತ್ರಿಸಿದವರಿದ್ದಾರೆ.

ಆದರೆ ಬಿರುದುಗಳ ಭಾಷೆಯೇ ಬೇರೆ. ಇದೇ ಚಂದ್ರಗಿರಿಯ ಹತ್ತನೆಯ ಶತಮಾನದ ಶಾಸನವೊಂದರಲ್ಲಿ ವೀರನೊಬ್ಬನಿಗೆ ‘ಮಾವನ ಗಂಧಹಸ್ತಿ’ ಎಂಬ ಬಿರುದಿದೆ. ಆನೆಯ ಹೋಲಿಕೆ ಅಂದಿನ ಆಸ್ಥಾನದ ಪರಾಕ್ರಮದ ನುಡಿಗಟ್ಟು. ರಣರಂಗದಲ್ಲಿ ಗಂಡಸಿಗೆ ಸಲ್ಲುತ್ತಿದ್ದ ಗೌರವದ ಮಾತು ಅಂತಃಪುರದಲ್ಲಿ ಪಟ್ಟದರಸಿಗೆ ಸಂದಿತು. ಅಲ್ಲದೆ ಬಿರುದಿನಲ್ಲಿ ‘ಉದ್ವೃತ್ತ’ ಎಂಬ ವಿಶೇಷಣವಿದೆ. ಗರ್ವದಿಂದ ಮೀರಿ ನಡೆದವರಿಗೆ ಮಾತ್ರ ಅವಳು ಮದ್ದಾನೆ. ಮತ್ಸರವು ಕಷಾಯ, ಕಷಾಯದ ಹೆಸರನ್ನು ಜಿನಾಲಯಕ್ಕಿಡಲು ಸಮ್ಯಕ್ತ್ವಚೂಡಾಮಣಿಯಾಗಲಿ, ಅವಳ ಗುರುಗಳಾಗಲಿ ಒಪ್ಪುತ್ತಿದ್ದರೆಂದು ನಂಬುವಂತಿಲ್ಲ.

ಅದೇ ಬೆಟ್ಟದ ಮತ್ತೊಂದು ದಾಂಪತ್ಯ

ಚಂದ್ರಗಿರಿಯಲ್ಲಿ ಶಾಂತಲೆಯ ಬಸದಿಯು ಒಂಟಿಯಲ್ಲ. ಗಂಗರಾಜನು ತಾಯಿ ಪೋಚಿಕಬ್ಬೆಗಾಗಿ ಕಟ್ಟಿಸಿದ ಕತ್ತಲೆ ಬಸದಿ, ಅವನ ಮಡದಿ ಲಕ್ಷ್ಮೀಮತಿಯು ಕಟ್ಟಿಸಿದ ಎರಡುಕಟ್ಟೆ ಬಸದಿ, ಗಂಗರಾಜನದೇ ಆದ ಶಾಸನ ಬಸದಿ, ಇವೆಲ್ಲ ಅದೇ ಕಾಲದವು. ಚಾಲುಕ್ಯ ಸೈನ್ಯವನ್ನು ಕಣ್ಣೆಗಾಲದಲ್ಲಿ ರಾತ್ರಿಯ ದಾಳಿಯಿಂದ ಚದರಿಸಿ ಗೆದ್ದ ದಂಡನಾಯಕನಿಗೆ ರಾಜನು ಬೇಕಾದುದನ್ನು ಕೇಳೆಂದನು. ಗಂಗರಾಜನು ತನಗಾಗಿ ಏನನ್ನೂ ಬಯಸಲಿಲ್ಲ. ಪರಮ ಎಂಬ ಗ್ರಾಮವನ್ನು ಪಡೆದು, ತಾಯಿಯೂ ಮಡದಿಯೂ ಮಾಡಿಸಿದ ಜಿನಾಲಯಗಳ ಪೂಜೆಗೆ 1118ರಲ್ಲಿ ಬಿಟ್ಟುಕೊಟ್ಟನು.

ಲಕ್ಷ್ಮೀಮತಿಯು 1121ರಲ್ಲಿ ಸಮಾಧಿಮರಣವನ್ನು ಹೊಂದಿದಳು. ಶೋಕತಪ್ತನಾದ ದಂಡನಾಯಕನು ಅವಳಿಗಾಗಿ ನಿಸಿದಿಯನ್ನು ನಿಲ್ಲಿಸಿದನು. ಒಂದು ಕಲ್ಲುಕಂಬ, ಅದರ ಮೇಲೆ ಅವಳ ದಾನಗುಣದ ಸ್ತುತಿ. ಇಷ್ಟೇ ಆ ಸ್ಮಾರಕ. ಪತ್ನಿಯ ಅಗಲಿಕೆಯ ನೋವನ್ನು ಪತಿಯು ಕಲ್ಲಿಗೆ ಒಪ್ಪಿಸಿದ ಉದಾಹರಣೆಗಾಗಿ ನಾವು ಆಗ್ರಾದವರೆಗೆ ಹೋಗಬೇಕಾಗಿಲ್ಲ.

ಶಿವಗಂಗೆಯ ಕೊನೆಯ ದಿನಗಳು

1131ರ ಚೈತ್ರಮಾಸದಲ್ಲಿ ಶಾಂತಲದೇವಿಯು ಶಿವಗಂಗೆಯ ತೀರ್ಥದಲ್ಲಿ ಕಾಲವಶಳಾದಳು. ಬೆಂಗಳೂರಿನ ವಾಯವ್ಯಕ್ಕಿರುವ ಆ ಬೆಟ್ಟದ ನೆತ್ತಿಯಲ್ಲಿ ಒಂದು ಕಡಿದಾದ ಬಂಡೆಯನ್ನು ತೋರಿಸಿ, ಮಕ್ಕಳಿಲ್ಲದ ಕೊರಗಿನಿಂದ ರಾಣಿಯು ಇಲ್ಲಿಂದ ಧುಮುಕಿ ಪ್ರಾಣಬಿಟ್ಟಳೆಂದು ಯಾತ್ರಿಕರಿಗೆ ಹೇಳುವುದುಂಟು. ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿಯು ಈ ರಾಣಿಯನ್ನು ಕನ್ನಡಿಗರ ಮನೆಮನೆಗೂ ತಲಪಿಸಿತು. ಶಾಸನಗಳನ್ನು ಮುಂದಿಟ್ಟುಕೊಂಡು ಸಿ.ಕೆ. ನಾಗರಾಜರಾಯರು ಬರೆದ ‘ಪಟ್ಟಮಹಾದೇವಿ ಶಾಂತಲದೇವಿ’ ಎಂಬ ಬೃಹತ್ ಕಾದಂಬರಿಗೆ ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಪ್ರಶಸ್ತಿ ಸಂದಿತು. ಕಾದಂಬರಿಯ ಸ್ವಾತಂತ್ರ್ಯ ಕಾದಂಬರಿಗಿರಲಿ. ಇತಿಹಾಸಕ್ಕೆ ಶಾಸನವೇ ಪ್ರಮಾಣ. ಶಾಸನವು ಹೇಳುವುದು ಇಷ್ಟೇ: ಶಿವಗಂಗೆಯ ತೀರ್ಥದಲ್ಲಿ ಅವಳು ಮುಡಿಪಿ ಸ್ವರ್ಗತೆಯಾದಳು. ಬಂಡೆಯ ಮಾತಿಲ್ಲ, ಧುಮುಕಿದ ಮಾತಿಲ್ಲ, ಕೊರಗಿನ ಮಾತಿಲ್ಲ.

ಆ ಶಾಸನವು ಮುಂದುವರಿದು ತಾಯಿಯ ಕಥೆಯನ್ನು ಹೇಳುತ್ತದೆ. ಮಗಳು ಸ್ವರ್ಗಸ್ಥಳಾದ ಮೇಲೆ ತಾನಿನ್ನು ಈ ಲೋಕದಲ್ಲಿ ಇರಲಾರೆನೆಂದು ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದಳು, ಸಂನ್ಯಸನವನ್ನು ಕೈಕೊಂಡಳು. ಪ್ರಭಾಚಂದ್ರ ಸಿದ್ಧಾಂತದೇವರೇ ಮೊದಲಾದ ಮುನಿಗಳ ಸನ್ನಿಧಿಯಲ್ಲಿ, ಒಂದು ತಿಂಗಳ ಕಾಲ ಅನಶನವ್ರತದಲ್ಲಿದ್ದು, ಪಂಚಪದಗಳನ್ನು ಉಚ್ಚರಿಸುತ್ತ, ಬಂಧುಜನರಿಂದ ಬೀಳ್ಕೊಂಡು ಸಮಾಧಿಯನ್ನು ಸಾಧಿಸಿದಳು. ಮಗಳಿಗೆ ಸಮ್ಯಕ್ತ್ವದ ಹಾಲೂಡಿಸಿದ ತಾಯಿಯು ಮಗಳ ಅಗಲಿಕೆಯ ದುಃಖವನ್ನೂ ಅದೇ ಸಮ್ಯಕ್ತ್ವದಲ್ಲಿ ಕರಗಿಸಿದಳು.

ಆವೇಶದಿಂದ ಬಂಡೆಯಿಂದ ಬೀಳುವುದಕ್ಕೂ, ಗುರುಸಾಕ್ಷಿಯಾಗಿ ಕಷಾಯಗಳನ್ನು ಕೃಶಗೊಳಿಸುವ ಸಲ್ಲೇಖನಕ್ಕೂ ಇರುವ ಅಂತರವನ್ನು ಜೈನರಿಗೆ ವಿವರಿಸಬೇಕಾಗಿಲ್ಲ. ಆದರೆ ಲೋಕಕ್ಕೆ ವಿವರಿಸಬೇಕಾದ ಪ್ರಸಂಗ ನಮ್ಮ ಕಾಲದಲ್ಲಿಯೂ ಒದಗಿತು. 2015ರ ಆಗಸ್ಟ್ ತಿಂಗಳಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮನೆಂದು ತೀರ್ಪಿತ್ತಾಗ ದೇಶದ ಜೈನಸಮಾಜವೆಲ್ಲ ಕಳವಳಗೊಂಡಿತು. ಅದೇ ತಿಂಗಳ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆಯನ್ನು ನೀಡಿತು. ಶಾಂತಲೆಯ ಮರಣಕ್ಕೆ ಆಧಾರವಿಲ್ಲದ ಆತ್ಮಹತ್ಯೆಯ ಕಥೆಯನ್ನು ಅಂಟಿಸುವುದೂ, ಮಾಚಿಕಬ್ಬೆಯ ಸಮಾಧಿಯ ಶಾಸನವನ್ನು ಮರೆಯುವುದೂ ಬರಿಯ ಇತಿಹಾಸದ ದೋಷಗಳಲ್ಲ. ನಮ್ಮ ತಾಯಂದಿರ ಬಾಳಿನ ಘನತೆಯನ್ನೇ ತಪ್ಪಾಗಿ ಓದಿದಂತೆ.

ಅಗಲಿಕೆಯ ಅನಂತರ

ಶಾಂತಲೆಯು ತೀರಿಕೊಂಡ ಮೇಲೆ ವಿಷ್ಣುವರ್ಧನನಿಗೆ ಜಿನಧರ್ಮದ ಮೇಲಿನ ಆದರವು ಕುಂದಿತೇ? 1133ರ ಒಂದು ಪ್ರಸಂಗವು ಇದಕ್ಕೆ ಉತ್ತರವನ್ನೀಯುತ್ತದೆ. ಗಂಗರಾಜನು ಗತಿಸಿದ ಬಳಿಕ ಅವನ ಮಗ ಬೊಪ್ಪನು ತಂದೆಯ ನೆನಪಿಗಾಗಿ ದೋರಸಮುದ್ರದಲ್ಲಿ, ಎಂದರೆ ಇಂದಿನ ಹಳೇಬೀಡಿನಲ್ಲಿ, ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದವನ್ನು ಅರ್ಚಕರು ಬಂಕಾಪುರದಲ್ಲಿದ್ದ ರಾಜನ ಬಳಿಗೆ ತಂದರು. ರಣದಲ್ಲಿ ಜಯ ದೊರೆತ ಸಂತೋಷ, ಲಕ್ಷ್ಮೀದೇವಿಯಲ್ಲಿ ಪುತ್ರನು ಜನಿಸಿದ ಸಂತೋಷ, ಎರಡೂ ಕೂಡಿದ್ದ ಸಮಯವದು. ವಿಷ್ಣುವರ್ಧನನು ಎದುರೆದ್ದು ಕೈಮುಗಿದು ಗಂಧೋದಕವನ್ನೂ ಶೇಷಾಕ್ಷತೆಯನ್ನೂ ಸ್ವೀಕರಿಸಿದನು. ಈ ದೇವರ ಪ್ರತಿಷ್ಠೆಯ ಫಲದಿಂದ ವಿಜಯವೂ ಪುತ್ರಲಾಭವೂ ಆದುವೆಂದು ಭಾವಿಸಿ ದೇವರಿಗೆ ವಿಜಯಪಾರ್ಶ್ವನೆಂದೂ, ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ವಿಷ್ಣುಭಕ್ತನಾದ ದೊರೆಯು ಜಿನಗಂಧೋದಕಕ್ಕೆ ತಲೆಬಾಗುವ ಈ ದೃಶ್ಯದ ಹಿಂದೆ ಶಾಂತಲೆಯೊಡನೆ ಕಳೆದ ವರ್ಷಗಳ ಸಂಸ್ಕಾರವಿದೆಯೆಂದು ಭಾವಿಸಿದರೆ ತಪ್ಪಾಗಲಾರದು.

ನಮಗೊಂದು ದಾರಿ

ಈ ಪರಂಪರೆಯು ಘಟ್ಟದ ಮೇಲೆಯೇ ನಿಂತುಹೋಗಲಿಲ್ಲ. ಶಾಂತಲೆಯ ಶತಮಾನದ ಧವಳ ಸಿದ್ಧಾಂತದ ಸಚಿತ್ರ ತಾಳೆಯೋಲೆಗಳು ಮೂಡುಬಿದಿರೆಯ ಗುರುಬಸದಿಯಲ್ಲಿ ಉಳಿದುಬಂದು ಜಗತ್ತಿಗೆ ಬೆಳಕಾದುವು. ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲನು ಬಾಹುಬಲಿಯನ್ನು ನಿಲ್ಲಿಸಿದಾಗ ಅವನ ರಾಣಿಯರಿಬ್ಬರು ಸ್ವಾಮಿಯ ಎದುರಿನ ಎರಡು ಪಕ್ಕಗಳಲ್ಲಿ ಒಂದೊಂದು ಬಸದಿಯನ್ನು ಕಟ್ಟಿಸಿದರು. ಸವತಿಯರ ಸ್ಪರ್ಧೆ ಧರ್ಮಕಾರ್ಯದಲ್ಲಿ ಕೊನೆಗೊಂಡರೆ ಅದೆಷ್ಟು ಸುಂದರವೆಂಬುದಕ್ಕೆ ನಮ್ಮ ನಾಡಿನದೇ ಸಾಕ್ಷಿ ಅದು.

ಪ್ರತಿಷ್ಠಾ ಮಹೋತ್ಸವದ ಈ ಪುಣ್ಯಸಂದರ್ಭದಲ್ಲಿ ಶಾಂತಲೆಯನ್ನು ನೆನೆಯುವುದಕ್ಕೆ ಕಾರಣವಿದೆ. ಪಂಚಕಲ್ಯಾಣದ ವೈಭವವು ಕೆಲವು ದಿನಗಳದು. ಚಪ್ಪರವನ್ನು ಕಳಚಿದ ಮರುದಿನದಿಂದ ಬಸದಿಯು ನಿಲ್ಲುವುದು ನಿತ್ಯಾಭಿಷೇಕದ ಮೇಲೆ, ಅರ್ಚಕರ ಜೀವನಕ್ಕೆ ಮಾಡಿದ ಏರ್ಪಾಡಿನ ಮೇಲೆ, ಮನೆಮಂದಿಯ ಒಮ್ಮತದ ಮೇಲೆ. ಶಾಂತಲೆಯು ಬಿಂಬವನ್ನು ಸ್ಥಾಪಿಸಿದ ಕಾಲದಲ್ಲಿಯೇ ಗ್ರಾಮವನ್ನೂ ಬಿಟ್ಟಳು. ಗ್ರಾಮವನ್ನು ಬಿಡುವಾಗ ಪತಿಯ ಒಪ್ಪಿಗೆಯನ್ನೂ ಪಡೆದಳು. ಇಂದು ನಮ್ಮ ಮನೆಗಳಲ್ಲಿ ಮಗಳು ಒಂದು ಊರಿನಲ್ಲಿ, ಮಗ ಇನ್ನೊಂದು ದೇಶದಲ್ಲಿ. ಬಂದ ಸೊಸೆಯ, ಅಳಿಯನ ಆಚಾರ ಕೆಲವೊಮ್ಮೆ ಬೇರೆ. ಶ್ರದ್ಧೆಯನ್ನು ಬಿಡದೆ ಪ್ರೀತಿಸುವುದು ಹೇಗೆ, ಪ್ರೀತಿಯನ್ನು ಕೆಡಿಸದೆ ಶ್ರದ್ಧೆಯನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ನಮ್ಮ ಮುಂದೆಯೂ ಇದೆ. ಒಂಬೈನೂರು ವರ್ಷಗಳ ಹಿಂದೆ ಒಂದು ದಂಪತಿ ಅದಕ್ಕೆ ಉತ್ತರವನ್ನು ಕಲ್ಲಿನಲ್ಲಿ ಬರೆಸಿಟ್ಟಿದ್ದಾರೆ.

ಗೊಮ್ಮಟಸ್ವಾಮಿಯ ದರ್ಶನಕ್ಕೆ ಹೋಗುವ ನಮ್ಮೂರ ಯಾತ್ರಿಕರು ವಿಂಧ್ಯಗಿರಿಯಿಂದ ಇಳಿದು ಆಯಾಸದಿಂದ ಹಿಂದಿರುಗುವುದೇ ಹೆಚ್ಚು. ಇನ್ನು ಮುಂದೆ ಚಂದ್ರಗಿರಿಗೂ ಒಂದು ಹೊತ್ತನ್ನು ಮೀಸಲಿಡಲಿ. ಮಕ್ಕಳನ್ನು ಕರೆದುಕೊಂಡು ಸವತಿಗಂಧವಾರಣ ಬಸದಿಯೊಳಗೆ ಹೋಗಿ, ಶಾಂತಿನಾಥ ಸ್ವಾಮಿಗೆ ವಂದಿಸಿ, ಅದನ್ನು ಕಟ್ಟಿಸಿದವಳ ಕಥೆಯನ್ನು ಶಾಸನದಲ್ಲಿರುವಂತೆಯೇ ಅವರಿಗೆ ಹೇಳಲಿ.